ಎರಡು ಕೈಗೆ ಎಷ್ಟು ಗೊಂಬೆ?

(ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದಿನ ಆಡಳಿತದಲ್ಲಿದ್ದುದರಿಂದ ಈ ನಗರದ ಕಾಚಿಗುಡ ಭಾಗದಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಹೊಸದೇನಲ್ಲ. ಇಲ್ಲಿ ಮಾತಿಗೆ ಕುಳಿತವರು ಇಬ್ಬರು. ಒಬ್ಬರು ಆನ್‌ಲೈನಿನಲ್ಲಿ ಆಟಿಕೆ ಮಾರುವ ವ್ಯಾಪಾರಿ, ಇನ್ನೊಬ್ಬರು ನಿವೃತ್ತ ಮಾಸ್ತರು.)

ವ್ಯಾಪಾರಿ: ಮಾಸ್ತರೇ, ‘499 ರೂಪಾಯಿ ಮೇಲ್ಪಟ್ಟ ಖರೀದಿಗೆ ಡೆಲಿವರಿ ಉಚಿತ’ ಎಂದು ಬರೆಯದ ಆಟಿಕೆ ಅಂಗಡಿ ಇವತ್ತು ಆನ್‌ಲೈನಿನಲ್ಲಿ ಬದುಕುವುದು ಕಷ್ಟ. ಗಿರಾಕಿ ಗೊಂಬೆ ಆರಿಸುತ್ತಾರೆ, ಕಾರ್ಟಿಗೆ ಹಾಕುತ್ತಾರೆ, ಕೊನೆಗೆ ತೊಂಬತ್ತು ರೂಪಾಯಿ ಡೆಲಿವರಿ ಚಾರ್ಜ್ ಕಂಡರೆ ಅಲ್ಲಿಗೇ ಕೈಬಿಟ್ಟು ಹೋಗುತ್ತಾರೆ. ಅದಕ್ಕೇ ನಾವು ಉಚಿತದ ಗೆರೆ ಎಳೆದದ್ದು. ನೀವು ನೋಡಿದರೆ, ಆ ಗೆರೆ ಮಕ್ಕಳ ಗೊಂಬೆಯಾಟವನ್ನೇ ಕೆಡಿಸುತ್ತಿದೆ ಅನ್ನುತ್ತೀರಿ. ಕೊರಿಯರ್ ಖರ್ಚಿಗೂ ಮಗುವಿನ ಆಟಕ್ಕೂ ಎಲ್ಲಿಂದೆಲ್ಲಿಗೆ ಸಂಬಂಧ?

ಮಾಸ್ತರು: ಸಂಬಂಧ ಇರುವುದು ಎಣಿಕೆಯಲ್ಲಿ, ಸಾಹುಕಾರರೇ. ಕೈಗೊಂಬೆ ಒಂದಕ್ಕೆ ಇನ್ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ಕೊಂಡರೆ ನಾನೂರು, ಡೆಲಿವರಿ ಸೇರಿ ನಾನೂರ ತೊಂಬತ್ತು. ಮೂರು ಕೊಂಡರೆ ಆರುನೂರು, ಡೆಲಿವರಿ ಇಲ್ಲ. ತೊಂಬತ್ತು ಉಳಿಸಿದೆವೆಂಬ ಸಮಾಧಾನದಲ್ಲಿ ತಾಯಿ ಇನ್ನೂರು ಹೆಚ್ಚು ಕೊಟ್ಟಿರುತ್ತಾಳೆ. ಆ ಮೂರನೆಯ ಗೊಂಬೆಯನ್ನು ಮಗು ಕೇಳಿರಲಿಲ್ಲ, ಯಾವ ಕಥೆಗೂ ಅದು ಬೇಕಿರಲಿಲ್ಲ. ಅದು ಮನೆಗೆ ಬಂದದ್ದು ಬಿಲ್ಲಿನ ಒಂದು ಗೆರೆ ದಾಟಲಿಕ್ಕೆ. ಇದು ಬರೀ ದುಡ್ಡಿನ ಮಾತಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಗೊಂಬೆಯಾಟದ ಮಟ್ಟಿಗೆ ಎಣಿಕೆ ಅಂದರೆ ಆಟದ ಕಟ್ಟಳೆಯೇ. ಇಂಗ್ಲೆಂಡಿನ ಸಮುದ್ರದಂಡೆಗಳಲ್ಲಿ ಆಡಿಸುವ ಪಂಚ್ ಅಂಡ್ ಜೂಡಿಯನ್ನು ನೋಡಿ. ಡೇರೆಯ ಒಳಗೆ ಒಬ್ಬನೇ ಆಡಿಸುವವನು. ಪಂಚ್ ಅವನ ಒಂದು ಕೈ ಬಿಟ್ಟು ಕದಲುವುದಿಲ್ಲ, ಹೆಂಡತಿ, ಪೊಲೀಸು, ಮೊಸಳೆ ಎಲ್ಲರೂ ಸರದಿಯಂತೆ ಇನ್ನೊಂದು ಕೈಗೆ ಬಂದು ಹೋಗುತ್ತಾರೆ. ಜಗಳವೆಲ್ಲ ಇಬ್ಬಿಬ್ಬರ ನಡುವೆಯೇ ನಡೆಯುವುದು, ಯಾಕೆಂದರೆ ಮನುಷ್ಯನಿಗಿರುವುದು ಎರಡೇ ಕೈ. ನಮ್ಮ ಒಡಿಶಾದ ಕೈಗೊಂಬೆಯವರು ಇನ್ನೂ ಮುಂದೆ ಹೋಗುತ್ತಾರೆ. ಒಂದು ಕೈಯಲ್ಲಿ ಗೊಂಬೆ, ಇನ್ನೊಂದು ಕೈಯಲ್ಲಿ ಢೋಲಕ್. ಒಂದೇ ಗೊಂಬೆ, ಅದಕ್ಕೆ ತಾಳ, ಮೇಲೆ ಹಾಡು. ಅಷ್ಟರಲ್ಲೇ ಆಟ ತುಂಬುತ್ತದೆ. ರಷ್ಯಾದ ಸೆರ್ಗೇಯ್ ಒಬ್ರಾಜ್ಟ್ಸೋವ್ ಅಂತೂ ಬರಿಗೈಯ ತೋರುಬೆರಳಿಗೆ ಒಂದು ಚೆಂಡು ಸಿಕ್ಕಿಸಿಕೊಂಡು ಪಾತ್ರ ನಿಲ್ಲಿಸಿಬಿಡುತ್ತಿದ್ದ. ಗೊಂಬೆಗಳನ್ನು ಕೂಡಿಹಾಕುವುದರಿಂದ ಆಟ ಬೆಳೆಯುತ್ತದೆ ಎನ್ನುವುದಕ್ಕೆ ಈ ಕಲೆಯ ಚರಿತ್ರೆಯಲ್ಲಿ ಆಧಾರ ಸಿಗುವುದಿಲ್ಲ.

ವ್ಯಾಪಾರಿ: ಅವರೆಲ್ಲ ಕಸುಬುದಾರರು. ಮಗುವಿಗೆ ಅಷ್ಟು ಕಸುಬು ಎಲ್ಲಿಂದ ಬರಬೇಕು? ಮಗುವಿಗೆ ಬಣ್ಣ ಬೇಕು, ಬಗೆಬಗೆಯ ಮುಖ ಬೇಕು. ಅಷ್ಟಕ್ಕೂ ನಮ್ಮ ಮೇಳಗಳ ಪೆಟ್ಟಿಗೆಯಲ್ಲೇನು ಎರಡೇ ಗೊಂಬೆ ಇರುತ್ತವೆಯೇ? ಕುಂದಾಪುರದ ಹತ್ತಿರದ ಉಪ್ಪಿನಕುದ್ರು ಮೇಳ, ಕಾಸರಗೋಡಿನ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ, ಇವರಲ್ಲಿ ಇಡೀ ರಾಮಾಯಣದ ಪರಿವಾರವೇ ಇದೆ.

ಮಾಸ್ತರು: ಇದೆ. ಜೊತೆಗೆ ಗೊಂಬೆಗಳ ಹಿಂದೆ ಅಷ್ಟು ಮಂದಿಯೂ ಇದ್ದಾರೆ. ಸೂತ್ರ ಹಿಡಿಯುವವರು, ಭಾಗವತರು, ಚೆಂಡೆ ಮದ್ದಲೆಯವರು, ಅರ್ಥ ಹೇಳುವವರು. ಗೊಂಬೆ ಹೆಚ್ಚಾದಂತೆ ಆಡಿಸುವ ಕೈಯೂ ಹೆಚ್ಚಿದರೆ ನನ್ನ ತಕರಾರಿಲ್ಲ. ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಒಂದೇ ಮಗು, ಅದರ ಮುಂದೆ ಹತ್ತು ಬೆರಳುಗೊಂಬೆಗಳ ಸೆಟ್ಟು ಎಂದಾಗ ಮಾತ್ರ ಲೆಕ್ಕ ತಪ್ಪುತ್ತದೆ. ಹತ್ತೂ ಬೆರಳಿಗೆ ತೊಡಿಸಿಕೊಂಡ ಮಗು ಆಡುವುದಕ್ಕಿಂತ ತೋರಿಸುವುದೇ ಹೆಚ್ಚು, ಯಾಕೆಂದರೆ ನಾಲ್ಕು ವರ್ಷದ ಮಗುವಿಗೆ ಉಂಗುರದ ಬೆರಳನ್ನು ಬೇರೆಯಾಗಿ ಕುಣಿಸಲು ಬರುವುದಿಲ್ಲ. ಇನ್ನು ಕಸುಬಿನ ಮಾತು. ಮಗುವಿಗೆ ಕಸುಬು ಬೇಡ, ಅದಕ್ಕೆ ಬೇಕಾದದ್ದು ಕಲ್ಪನೆಗೆ ಎಡೆ ಕೊಡುವ ವಸ್ತು. ಮನೋವಿಜ್ಞಾನಿ ವಿಗೋಟ್ಸ್ಕಿ 1933ರ ಉಪನ್ಯಾಸದಲ್ಲಿ ಹೇಳಿದ್ದು ಇದನ್ನೇ: ಕೋಲನ್ನು ಕುದುರೆ ಮಾಡಿಕೊಂಡ ಮಗು ವಸ್ತುವಿನಿಂದ ಅರ್ಥವನ್ನು ಬಿಡಿಸಿಕೊಳ್ಳುವುದನ್ನು ಕಲಿಯುತ್ತದೆ. ಕೋಲಿಗೆ ಬಾಲ, ಜೀನು, ಹೇಷಾರವದ ಬ್ಯಾಟರಿ ಎಲ್ಲ ಕೂಡಿಸಿಬಿಟ್ಟರೆ ಬಿಡಿಸಿಕೊಳ್ಳಲು ಉಳಿಯುವುದೇನು? ಒಂದೇ ಗೊಂಬೆಯನ್ನು ಹಿಡಿದ ಮಗು ದನಿ ಬದಲಿಸಿ ಅದನ್ನು ಅಜ್ಜಿಯನ್ನಾಗಿ, ಡಾಕ್ಟರನ್ನಾಗಿ, ಕಳ್ಳನನ್ನಾಗಿ ಮಾಡುತ್ತದೆ. ಹತ್ತು ಗೊಂಬೆ ಕೊಟ್ಟರೆ ದನಿ ಬದಲಿಸುವ ಬದಲು ಗೊಂಬೆಯನ್ನೇ ಬದಲಿಸುತ್ತದೆ. ಇದೇ ನಗರದ ಮಾದಾಪುರದಲ್ಲಿ ಕೇಂದ್ರ ಸರ್ಕಾರದ ಸಾಂಸ್ಕೃತಿಕ ತರಬೇತಿ ಸಂಸ್ಥೆಯಾದ ಸಿಸಿಆರ್‌ಟಿಯ ಪ್ರಾದೇಶಿಕ ಕೇಂದ್ರವಿದೆ. 1979ರಲ್ಲಿ ಹುಟ್ಟಿದ ಆ ಸಂಸ್ಥೆ ಶಾಲಾ ಶಿಕ್ಷಕರಿಗೆ ಗೊಂಬೆಯಾಟದಿಂದ ಪಾಠ ಮಾಡುವುದನ್ನು ಕಲಿಸುತ್ತ ಬಂದಿದೆ. ಗೊಂಬೆಯನ್ನು ಕೊಳ್ಳುವ ಬದಲು ಮಾಡಿಕೊಳ್ಳುವುದೇ ಅಂಥ ಪಾಠದ ಜೀವ. 2023ರ ಫೆಬ್ರುವರಿಯಲ್ಲಿ ಬಂದ ‘ಜಾದೂಯಿ ಪಿಟಾರಾ’ ಎಂಬ ಸರ್ಕಾರಿ ಕಲಿಕಾ ಪೆಟ್ಟಿಗೆಯಲ್ಲೂ, ಮೂರರಿಂದ ಎಂಟು ವರ್ಷದವರಿಗೆಂದು, ಗೊಂಬೆ ಇದೆ. ಅದು ಇಡೀ ತರಗತಿಗೆ ಒಂದು ಪೆಟ್ಟಿಗೆ, ಮಗುವಿಗೊಂದರಂತೆ ಅಲ್ಲ.

ವ್ಯಾಪಾರಿ: ಆಟದ ಮಾತು ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಈಗ ನಮ್ಮ ಕಡೆಯ ಸಂಕಟ ಕೇಳಿ. ಕೊರಿಯರಿನವರು ಬರೀ ತಕ್ಕಡಿ ತೂಕ ನೋಡುವುದಿಲ್ಲ. ಡಬ್ಬಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಐದು ಸಾವಿರದಿಂದ ಭಾಗಿಸುತ್ತಾರೆ. ಬಂದದ್ದು ಕಿಲೋ ಲೆಕ್ಕದ ವಾಲ್ಯೂಮೆಟ್ರಿಕ್ ತೂಕ. ಅದೂ ತಕ್ಕಡಿ ತೂಕವೂ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್ಲು, ಅದೂ ಅರ್ಧ ಕಿಲೋ ಸ್ಲ್ಯಾಬಿನಲ್ಲಿ. ಎರಡು ಕೈಗೊಂಬೆಗೆ ತಕ್ಕಡಿಯಲ್ಲಿ ಇನ್ನೂರು ಗ್ರಾಂ ಬಂದರೆ ಹೆಚ್ಚು. ಅವನ್ನು 30, 20, 10 ಸೆಂಟಿಮೀಟರಿನ ರಟ್ಟಿನ ಡಬ್ಬಿಗೆ ಹಾಕಿದೆನೋ, ಆರು ಸಾವಿರ ಭಾಗಿಸು ಐದು ಸಾವಿರ, 1.2 ಕಿಲೋ ಆಯಿತು. ಸ್ಲ್ಯಾಬ್ ಏರಿ ಒಂದೂವರೆ ಕಿಲೋಗೆ ದುಡ್ಡು ತೆರಬೇಕು. ಚನ್ನಪಟ್ಟಣದ ಬುಗುರಿ ಮಾರುವವನಿಗೆ ಈ ಕಾಟವಿಲ್ಲ. ಅದು ಗಟ್ಟಿ ಮರ, ಸಣ್ಣ ಗಾತ್ರ, ಇದ್ದ ತೂಕಕ್ಕೇ ಬಿಲ್ಲು. ಗೊಂಬೆಯವನು ಮಾತ್ರ ಗಾಳಿಗೆ ಬಾಡಿಗೆ ಕಟ್ಟುತ್ತಾನೆ.

ಮಾಸ್ತರು: ನನ್ನ ವಾದಕ್ಕೆ ನೀವೇ ಸಾಕ್ಷಿ ನುಡಿದಿರಿ. ಆ ಗಾಳಿಯ ಬಾಡಿಗೆಯನ್ನು ಗಿರಾಕಿಗೆ ಕಾಣಿಸದ ಹಾಗೆ ಗೊಂಬೆಯ ಬೆಲೆಯಲ್ಲಿ ಸೇರಿಸಿಬಿಟ್ಟ ಮೇಲೆ, ಅದನ್ನು ಕಡಿಮೆ ಮಾಡಬೇಕೆಂದು ಯಾರಿಗೆ ತೋಚುತ್ತದೆ? ಅದೇ ಎರಡು ಗೊಂಬೆಗಳ ತಲೆಗೆ ಹತ್ತಿ ತುಂಬದೆ, ತುಂಬುವ ಬಟ್ಟೆಚೂರನ್ನು ಮನೆಯಲ್ಲೇ ಹುಡುಕಿಕೊಳ್ಳಿ ಎಂದು ಒಂದು ಚೀಟಿ ಬರೆದಿಟ್ಟು, ಮೂರು ಸೆಂಟಿಮೀಟರ್ ದಪ್ಪದ ಲಕೋಟೆಯಲ್ಲಿ ಕಳಿಸಿ ನೋಡಿ. 30, 20, 3. ಸಾವಿರದ ಎಂಟುನೂರನ್ನು ಐದು ಸಾವಿರದಿಂದ ಭಾಗಿಸಿದರೆ 0.36 ಕಿಲೋ. ಮೂರು ಸ್ಲ್ಯಾಬಿನ ಜಾಗದಲ್ಲಿ ಒಂದೇ ಸ್ಲ್ಯಾಬು. ಜೊತೆಗೆ ತಲೆ ತುಂಬುವ, ಬಾಯಿ ಹೊಲಿಯುವ, ಕೂದಲು ಅಂಟಿಸುವ ಕೆಲಸವೂ ಮಗುವಿಗೇ ಸಿಕ್ಕಿತು. ಇದೇನೂ ನನ್ನ ಬುದ್ಧಿವಂತಿಕೆಯಲ್ಲ. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ತಲೆತಲಾಂತರದಿಂದ ಮಾಡಿದ್ದು ಇದನ್ನೇ. ಊರಿಂದೂರಿಗೆ ಹೊತ್ತು ತಿರುಗುವ ಮೇಳಕ್ಕೆ ಸಾಗಣೆಯ ಖರ್ಚು ಬೆನ್ನ ಮೇಲೇ ಗೊತ್ತಾಗುತ್ತದೆ. ತೊಗಲುಗೊಂಬೆ ಚಪ್ಪಟೆ, ಒಂದರ ಮೇಲೊಂದು ಪೇರಿಸಿದರೆ ಇಡೀ ರಾಮಾಯಣ ಒಂದು ಪೆಟ್ಟಿಗೆಗೆ ಇಳಿಯುತ್ತದೆ. ಆಂಧ್ರದ ತೋಲುಬೊಮ್ಮಲಾಟದ ಗೊಂಬೆಗಳು ಆಳೆತ್ತರ, ಆದರೆ ಕೈಕಾಲುಗಳಿಗೆ ಕೀಲು ಇರುವುದರಿಂದ ಮಡಚಿಕೊಳ್ಳುತ್ತವೆ. ನಮ್ಮ ಕಡೆಯವು ಅದಕ್ಕಿಂತ ಚಿಕ್ಕವು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾಡೆಲ್ಲ ಸಂಭ್ರಮಪಟ್ಟಿತು. ಅವರ ಗೊಂಬೆಗಳ ಈ ಚಪ್ಪಟೆತನದ ಜಾಣ್ಮೆಯನ್ನು ಮಾತ್ರ ಯಾವ ಆಟಿಕೆ ಅಂಗಡಿಯೂ ಗಮನಿಸಿದಂತೆ ಕಾಣಲಿಲ್ಲ. ಆಂಧ್ರದ ಧರ್ಮಾವರದ ಬಳಿಯ ನಿಮ್ಮಲಕುಂಟೆಯಲ್ಲಿ, ದಳವಾಯಿ ಚಲಪತಿ ರಾವ್ ಅವರಂಥ ಪದ್ಮಶ್ರೀ ಪುರಸ್ಕೃತರ ಊರಿನಲ್ಲೇ, ಇವತ್ತು ಅದೇ ತೊಗಲಿನಿಂದ ದೀಪದ ಕವಚಗಳನ್ನೂ ಮಾಡಿ ಮಾರುತ್ತಾರೆ. ಹೊಟ್ಟೆಪಾಡು, ತಪ್ಪೆನ್ನಲಾರೆ. ಆದರೂ ಚಪ್ಪಟೆಯಾಗಿ ಹೋಗುತ್ತಿದ್ದ ಹನುಮಂತನನ್ನು ತಂತಿಯ ಚೌಕಟ್ಟಿಗೆ ಬಿಗಿದು ಉರುಟು ಮಾಡಿ ಡಬ್ಬಿಯಲ್ಲಿ ಕಳಿಸುವುದು ಕೊರಿಯರಿನವರಿಗಂತೂ ಹಬ್ಬವೇ!

ವ್ಯಾಪಾರಿ: ನಗಬೇಡಿ, ಡಬ್ಬಿಗೂ ಕಾರಣವಿದೆ. ಉಡುಗೊರೆ ಕೊಡುವವರಿಗೆ ಲಕೋಟೆ ಹಿಡಿಸುವುದಿಲ್ಲ. ಸೂತ್ರದ ಗೊಂಬೆಯನ್ನು ಲಕೋಟೆಗೆ ಹಾಕಿದರೆ ದಾರ ಸಿಕ್ಕುಗಟ್ಟಿ ರಿಟರ್ನ್ ಬರುತ್ತದೆ, ಹೋಗುವ ಬರುವ ಎರಡೂ ಖರ್ಚು ನನ್ನ ತಲೆಗೆ. ಅದು ಹೋಗಲಿ. ನಿಮ್ಮ ವಾದದ ಬುಡಕ್ಕೇ ಒಂದು ಪ್ರಶ್ನೆ ಇದೆ. ಡೆಲಿವರಿಯನ್ನು ಬೆಲೆಯಲ್ಲೇ ಸೇರಿಸುವುದರಿಂದ ದೂರದವರಿಗೆ ಉಪಕಾರವಾಗುತ್ತದೆ. ಇದೇ ನಗರದ ಕೊಂಡಾಪುರಕ್ಕೆ ಕಳಿಸುವುದಕ್ಕೂ ಐಜ್ವಾಲಿಗೆ ಕಳಿಸುವುದಕ್ಕೂ ನನಗೆ ತಗಲುವ ಖರ್ಚಿನಲ್ಲಿ ಅಜಗಜಾಂತರ. ಈಶಾನ್ಯದ ಊರುಗಳಿಗೆ, ಜಮ್ಮು-ಕಾಶ್ಮೀರಕ್ಕೆ ಕೊರಿಯರಿನವರದು ಬೇರೆಯೇ ವಲಯ, ಬೇರೆಯೇ ದರ. ಎಲ್ಲರಿಗೂ ಒಂದೇ ಬೆಲೆ ಇಟ್ಟಾಗ ಹತ್ತಿರದವರು ಒಂದಿಷ್ಟು ಹೆಚ್ಚು ಕೊಡುತ್ತಾರೆ, ದೂರದ ಮಗುವಿಗೂ ಗೊಂಬೆ ಸಿಗುತ್ತದೆ. ಖರ್ಚನ್ನು ಬಿಡಿಸಿ ತೋರಿಸಿ ಅನ್ನುವ ನೀವು ಆ ಮಗುವಿಗೆ ಏನು ಹೇಳುತ್ತೀರಿ?

ಮಾಸ್ತರು: ಇದು ತೂಕದ ಆಕ್ಷೇಪ, ಹಾರಿಕೆಯ ಉತ್ತರ ಸಲ್ಲದು. ದೂರದವರಿಗೂ ಹತ್ತಿರದವರಿಗೂ ಒಂದೇ ದರ ಇರಲಿ, ನಾನೂ ಅದರ ಪರವೇ. ಆದರೆ ಒಂದೇ ದರ ಬೇರೆ, ಮುಚ್ಚಿಟ್ಟ ದರ ಬೇರೆ. 1854ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆ, ಎಷ್ಟೇ ದೂರ ಹೋದರೂ ಅಷ್ಟೇ ಎಂದು ಅಂಚೆಯವರು ಗೊತ್ತುಮಾಡಿದರು. ಅಲ್ಲಿಯವರೆಗೆ ದೂರಕ್ಕೆ ತಕ್ಕಂತೆ ಏರುತ್ತಿದ್ದ ಖರ್ಚನ್ನು ಹತ್ತಿರದವರೂ ದೂರದವರೂ ಹಂಚಿಕೊಂಡರು. ನೀವು ಹೇಳುವ ಉಪಕಾರ ಅದೇ. ಆದರೆ ಆ ಅರ್ಧ ಆಣೆಯನ್ನು ಯಾರೂ ಕಾಗದದ ಬೆಲೆಯೊಳಗೆ ಬಚ್ಚಿಡಲಿಲ್ಲ, ಲಕೋಟೆಯ ಮೇಲೆ ಎಲ್ಲರ ಕಣ್ಣಿಗೂ ಕಾಣುವಂತೆ ಅಂಟಿಸಿದರು. ಹಾಗೆ ಕಂಡರೆ ತೆಳ್ಳನೆಯ ಕಾಗದ ಆರಿಸಿಕೊಳ್ಳಬೇಕು, ಸಣ್ಣ ಅಕ್ಷರದಲ್ಲಿ ಬರೆಯಬೇಕು ಎಂದು ಜನರಿಗೆ ತೋಚುತ್ತದೆ. ನೀವೂ ಇಡೀ ದೇಶಕ್ಕೆ ಒಂದೇ ದರ ಇಡಿ, ಅರುವತ್ತೋ ಎಪ್ಪತ್ತೋ, ಗೊಂಬೆಯ ಚಿತ್ರದ ಪಕ್ಕದಲ್ಲೇ ಬರೆಯಿರಿ. ಹಾಗೆ ನೋಡಿದರೆ ಕಾನೂನು ಕೇಳುವುದೂ ಅದನ್ನೇ. 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಟ್ಟು ಬೆಲೆಯ ಜೊತೆಗೆ ಡೆಲಿವರಿ, ಅಂಚೆ, ತೆರಿಗೆ ಇತ್ಯಾದಿಗಳ ವಿವರವನ್ನೂ ಬಿಡಿಸಿ ತೋರಿಸಬೇಕು. ಬೆಲೆಯನ್ನು ಕಂತುಕಂತಾಗಿ ಹೊರಗೆಡಹುವ ಚಾಳಿಯನ್ನು 2023ರ ನವೆಂಬರಿನ ಮಾರ್ಗಸೂಚಿ ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ಗಿರಾಕಿ ಕೈಬಿಟ್ಟು ಹೋಗುತ್ತಾರೆ ಅಂದಿರಲ್ಲ, ಅವರನ್ನು ಓಡಿಸುವುದು ಆ ತೊಂಬತ್ತು ರೂಪಾಯಿಗಿಂತ ಹೆಚ್ಚಾಗಿ, ಅದು ಕೊನೆಯ ಪುಟದಲ್ಲಿ ಧುತ್ತೆಂದು ಎದುರಾಗುವ ರೀತಿ. ಸೂತ್ರದ ಗೊಂಬೆಯ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪಿದೆ. ಅದು ಲಕೋಟೆಯ ವಸ್ತುವಲ್ಲ. ತಮಿಳುನಾಡಿನ ಬೊಮ್ಮಲಾಟ್ಟದ ದೊಡ್ಡ ಗೊಂಬೆ ನಾಲ್ಕೂವರೆ ಅಡಿ, ಹತ್ತು ಕಿಲೋ. ಅಂಥದ್ದನ್ನು ಮಗು ನೋಡಬೇಕಾದ್ದು ಮೇಳದ ಎದುರು ಕುಳಿತು, ಕಾರ್ಟಿಗೆ ಹಾಕಿಕೊಂಡು ಅಲ್ಲ.

ವ್ಯಾಪಾರಿ: ಮಾಡಿದವರ ಗತಿ? ಆನ್‌ಲೈನ್ ಬಂದ ಮೇಲೇ ಅಲ್ಲವೇ ಹಳ್ಳಿಯ ಕುಶಲಕರ್ಮಿಗೆ ನಗರದ ಗಿರಾಕಿ ಸಿಕ್ಕಿದ್ದು? ಡೆಲಿವರಿ ಬೇರೆ ತೋರಿಸಿ ಮಾರಾಟ ಇಳಿದರೆ ಪೆಟ್ಟು ಬೀಳುವುದು ಅವರಿಗೇ.

ಮಾಸ್ತರು: ಪೆಟ್ಟು ಈಗಾಗಲೇ ಬಿದ್ದಿದೆ, ಕಾಣುತ್ತಿಲ್ಲ ಅಷ್ಟೇ. 499ಕ್ಕೆ ಉಚಿತ ಡೆಲಿವರಿಯ ಗೊಂಬೆಯಲ್ಲಿ ಕೊರಿಯರಿಗೆ ತೊಂಬತ್ತು, ಡಬ್ಬಿ-ಬಬಲ್ ರ‍್ಯಾಪಿಗೆ ಇಪ್ಪತ್ತು, ತಾಣದ ಕಮಿಷನ್ನಿಗೆ ಅರುವತ್ತು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಕೊರಿಯರಿನವರು ದರ ಏರಿಸಿದಾಗ ನೀವು 499 ಅನ್ನು 529 ಮಾಡುವುದಿಲ್ಲ, ಆ ಅಂಕಿಯನ್ನು ಗಿರಾಕಿಯ ಕಣ್ಣಿಗೆ ಅಂಟಿಸಿಬಿಟ್ಟಿದ್ದೀರಿ. ಕಮಿಷನ್ ಇಳಿಸುವುದು ನಿಮ್ಮ ಕೈಯಲ್ಲಿಲ್ಲ. ಹಾಗಾದರೆ ಬಗ್ಗಿಸಲು ಸಿಗುವವರು ಯಾರು? ಗೊಂಬೆ ಹೊಲಿದವಳು. ಸಾಗಣೆ ಬೇರೆ ಸಾಲಿನಲ್ಲಿದ್ದರೆ ಅವಳ ಕೂಲಿ ಅವಳ ಸಾಲಿನಲ್ಲಿ ಉಳಿಯುತ್ತದೆ. ತೆರಿಗೆಯ ವಿಚಿತ್ರವನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು, ಕೊರಿಯರ್ ಸೇವೆಯ ಮೇಲೆ ಶೇ. 18 ಹಾಗೆಯೇ ಉಳಿಯಿತು. ನೋಂದಾಯಿತ ವ್ಯಾಪಾರಿಯಾದ ನೀವು ಆ 18ನ್ನು ಲೆಕ್ಕದಲ್ಲಿ ಹೊಂದಿಸಿಕೊಳ್ಳುತ್ತೀರಿ. ನೋಂದಣಿಯಿಲ್ಲದೆ ತಾನೇ ಪಾರ್ಸೆಲ್ ಮಾಡುವ ಕುಶಲಕರ್ಮಿಗೆ ಆ ದಾರಿ ಇಲ್ಲ. ಅಂಥವರಿಗೆ ಅಂಚೆಯ ರಿಯಾಯಿತಿಯಾದರೂ ಇರಬಾರದೇ? ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ತಂದಿದೆ. ಓದಿನ ಪುಸ್ತಕ 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100, ತೆರಿಗೆ ಬೇರೆ. ಪುಸ್ತಕ ಕಲಿಕೆಯ ಸಾಮಗ್ರಿ ಎಂಬ ಕಾರಣಕ್ಕೆ ಈ ರಿಯಾಯಿತಿ. ಆಟಿಕೆಯೂ ಕಲಿಕೆಯ ಸಾಮಗ್ರಿಯೇ ಎಂದು 2020ರ ಶಿಕ್ಷಣ ನೀತಿಯ ನಂತರ ಸರ್ಕಾರವೇ ಶಾಲೆಗಳಿಗೆ ಹೇಳುತ್ತಿದೆ. ಹಾಗಿದ್ದ ಮೇಲೆ ಕೈಯಿಂದ ಮಾಡಿದ, ಚಪ್ಪಟೆಯಾಗಿ ಹೋಗುವ ಗೊಂಬೆಗೆ ಆ ದರ ಯಾಕಿಲ್ಲ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಆಟಿಕೆಗಳ ಗುಣಮಟ್ಟದ ಆದೇಶದಲ್ಲಿ ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಕೊಟ್ಟವರು ಅಂಚೆ ದರದಲ್ಲೂ ಕೊಡಬಹುದು. ಆದರೆ ಇಂಥ ಬೇಡಿಕೆಗೆ ಬಲ ಬರಬೇಕಾದರೆ ಸಾಗಣೆಗೆ ಎಷ್ಟು ಹೋಗುತ್ತಿದೆ ಎಂದು ಮೊದಲು ಜನರಿಗೆ ಗೊತ್ತಾಗಬೇಕು. ‘ಉಚಿತ’ ಎಂದು ಬರೆದ ಮೇಲೆ ಯಾರು ಯಾರನ್ನು ಕೇಳುತ್ತಾರೆ?

ವ್ಯಾಪಾರಿ: ಒಂದು ಮಾತು ಮಾತ್ರ ಬಿಟ್ಟುಕೊಡಲಾರೆ. ಉಚಿತದ ಗೆರೆ ಬರೀ ಆಮಿಷವಲ್ಲ. ಪಿಕಪ್ ಒಂದು, ಮನೆಬಾಗಿಲಿಗೆ ಹೋಗುವುದು ಒಂದು, ಗೇಟಿನಲ್ಲಿ ವಾಚ್‌ಮನ್ ಜೊತೆ ವಾದ ಒಂದು. ಪಾರ್ಸೆಲಿನಲ್ಲಿ ಒಂದು ಗೊಂಬೆ ಇದ್ದರೂ ಆರು ಇದ್ದರೂ ಈ ಖರ್ಚು ತಪ್ಪುವುದಿಲ್ಲ. ಒಟ್ಟಿಗೆ ಕೊಂಡರೆ ಗೊಂಬೆಯೊಂದರ ಸಾಗಣೆ ನಿಜವಾಗಿಯೂ ಅಗ್ಗವಾಗುತ್ತದೆ.

ಮಾಸ್ತರು: ಪೂರ್ತಿ ನಿಜ. ಆದರೆ ಒಟ್ಟಿಗೆ ಕೊಳ್ಳಬೇಕು ಎಂದರೆ ಒಂದೇ ಮಗುವಿಗೆ ಕೊಳ್ಳಬೇಕು ಎಂದು ಯಾಕೆ ಆಗಬೇಕು? ಮಿಯಾಪುರದ, ಕೊಂಡಾಪುರದ ಒಂದೊಂದು ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಒಂದು ಹಳ್ಳಿಯಷ್ಟು ಮನೆಗಳಿವೆ. ಆರು ಮನೆಯವರು ಎರಡೆರಡು ಗೊಂಬೆ ಸೇರಿಸಿ ತರಿಸಿದರೆ ಪಾರ್ಸೆಲ್ ಒಂದೇ, ಗೇಟಿನ ವಾದವೂ ಒಂದೇ. ಮಗುವಿಗೆ ಗೊಂಬೆ ಎರಡೇ ಇದ್ದರೂ ಆಡಿಸುವ ಕೈ ಹನ್ನೆರಡಾಗುತ್ತವೆ, ಆಗ ಬೇಕಾದರೆ ರಾಮಾಯಣವನ್ನೇ ಆಡಲಿ. ನಿಮ್ಮ ತಾಣದಲ್ಲಿ ‘ಗುಂಪು ಆರ್ಡರ್’ ಎಂಬ ಒಂದು ಗುಂಡಿ ಇಡುವುದಕ್ಕೆ ಎಷ್ಟು ಹೊತ್ತು? ಬೀದರ್, ಕಲಬುರಗಿ, ರಾಯಚೂರಿನ ಶಾಲೆಗಳಿಗಾದರೆ ಇನ್ನೂ ಸಲೀಸು. ತೆಲಂಗಾಣದ ಆರ್‌ಟಿಸಿ 2020ರಲ್ಲಿ ಕಾರ್ಗೋ ಸೇವೆ ಶುರು ಮಾಡಿತು, ಕರ್ನಾಟಕದ ಕೆಎಸ್‌ಆರ್‌ಟಿಸಿ 2021ರಲ್ಲಿ ‘ನಮ್ಮ ಕಾರ್ಗೋ’ ತಂದಿತು. ಒಂದು ತರಗತಿಗೆ ಬೇಕಾದ ಗೊಂಬೆಗಳನ್ನು ಒಂದೇ ಗಂಟು ಕಟ್ಟಿ ಬಸ್ಸಿಗೆ ಹಾಕಿದರೆ ಅತ್ತ ಬಸ್‌ಸ್ಟ್ಯಾಂಡಿನಲ್ಲಿ ಶಾಲೆಯವರು ಬಿಡಿಸಿಕೊಳ್ಳುತ್ತಾರೆ. ಮನೆಬಾಗಿಲಿನ ಸುಖ ಇರುವುದಿಲ್ಲ, ನಿಜ. ಆ ಸುಖಕ್ಕೆ ಎಷ್ಟು ಎಂದು ಗೊತ್ತಿದ್ದವರು ತಾವೇ ತೀರ್ಮಾನಿಸಿಕೊಳ್ಳುತ್ತಾರೆ.

ವ್ಯಾಪಾರಿ: ಎರಡೇ ಗೊಂಬೆ, ತಲೆಗೆ ಹತ್ತಿಯಿಲ್ಲ, ಡಬ್ಬಿಯಿಲ್ಲ. ಮುಂದಿನ ವರ್ಷ ‘ಹರಿದ ಕಾಲುಚೀಲವೇ ಸಾಕು’ ಅನ್ನುತ್ತೀರಿ. ಅಲ್ಲಿಗೆ ನನ್ನ ಅಂಗಡಿಗೆ ಬೀಗ.

ಮಾಸ್ತರು: ಕಾಲುಚೀಲವೂ ಸಾಕು, ಅದರಲ್ಲಿ ಸಂಶಯವಿಲ್ಲ. ಆದರೆ ಹೈದರಾಬಾದಿನ ಎಷ್ಟು ಮನೆಗಳಲ್ಲಿ ತಂದೆ-ತಾಯಿ ಇಬ್ಬರೂ ರಾತ್ರಿ ಎಂಟಕ್ಕೆ ಮನೆ ಸೇರುತ್ತಾರೆ ಎಂಬುದು ನನಗೂ ಗೊತ್ತು. ಅವರಿಗೆ ಸೂಜಿ-ದಾರ ಹಿಡಿಯಿರಿ ಎಂದು ಉಪದೇಶ ಮಾಡುವುದು ಸುಲಭ, ಪ್ರಯೋಜನ ಕಡಿಮೆ. ಅರ್ಧ ಮಾಡಿದ್ದನ್ನು ಒಳ್ಳೆಯ ಬಟ್ಟೆಯಲ್ಲಿ, ಸರಿಯಾದ ಅಳತೆಯಲ್ಲಿ, ಮೂರು ವರ್ಷದ ಕೆಳಗಿನ ಮಗು ಕಿತ್ತು ಬಾಯಿಗೆ ಹಾಕಿಕೊಳ್ಳುವಂಥ ಗುಂಡಿ-ಮಣಿಗಳಿಲ್ಲದೆ ಕೊಡುವ ಅಂಗಡಿ ಅವರಿಗೆ ಬೇಕೇ ಬೇಕು. ಒಮ್ಮೆ ಗೊಂಬೆಯ ಬಾಯಿ ಹೊಲಿದ ಮಗು ಮುಂದೆ ಮೋರನಾಳದ್ದೋ ನಿಮ್ಮಲಕುಂಟೆಯದ್ದೋ ಗೊಂಬೆಯ ಬೆಲೆ ಕೇಳಿದಾಗ ‘ಇಷ್ಟೊಂದಾ’ ಅನ್ನುವುದಿಲ್ಲ. ನಿಮ್ಮ ನಾಳೆಯ ಗಿರಾಕಿ ಅದೇ. ನನ್ನ ಮಾತನ್ನು ನಂಬಬೇಡಿ, ಈ ದಸರಾ ರಜೆಗೆ ಒಂದೇ ಸರಕಿನ ಮೇಲೆ ಪರೀಕ್ಷೆ ಮಾಡಿ. ಎರಡು ಕೈಗೊಂಬೆ, ಚಪ್ಪಟೆ ಲಕೋಟೆ, ಮೂರು ಸಾಲು ಬೆಲೆ: ಮಾಡಿದವರಿಗೆ ಇಷ್ಟು, ಅಂಗಡಿಗೆ ಇಷ್ಟು, ಸಾಗಣೆಗೆ ಇಷ್ಟು.

ವ್ಯಾಪಾರಿ: ‘ಅಂಗಡಿಗೆ ಇಷ್ಟು’ ಅನ್ನುವ ಸಾಲು ಬೇಕೇ ಬೇಕೆ?

ಮಾಸ್ತರು: ಬೇಕು. ಉಳಿದೆರಡನ್ನು ಜನ ನಂಬುವುದು ಅದನ್ನು ನೋಡಿದ ಮೇಲೆಯೇ. ಇನ್ನು ತಂದೆ-ತಾಯಂದಿರಿಗೆ ನನ್ನ ಕೋರಿಕೆ ಒಂದೇ. ‘ಇನ್ನು 99 ರೂಪಾಯಿಯ ಖರೀದಿ ಮಾಡಿದರೆ ಡೆಲಿವರಿ ಉಚಿತ’ ಎಂದು ಫೋನು ಹೇಳಿದಾಗ ಮೂರನೆಯ ಗೊಂಬೆ ಹುಡುಕಬೇಡಿ, ಪಕ್ಕದ ಮನೆಯ ಬಾಗಿಲು ತಟ್ಟಿ ಅವರಿಗೂ ಎರಡು ಬೇಕೇ ಎಂದು ಕೇಳಿ.